ಸೇಡಂ ಚಿಮಣಿಗಳ ಇಂಗಾಲದ ಸಂಶೋಧನೆ ಕಲಬುರಗಿಯಲ್ಲೂ ನಡೆಯಲಿ

ಕರ್ನಾಟಕದ ಉನ್ನತ ಶಿಕ್ಷಣ ಸಚಿವರಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ, ಮತ್ತು ಈ ಭಾಗದ ಎಲ್ಲ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ

ಮಾನ್ಯರೇ,

2026–27ರ ಕೇಂದ್ರ ಬಜೆಟ್‌ನಲ್ಲಿ ಕಾರ್ಬನ್ ಕ್ಯಾಪ್ಚರ್‌ಗೆ ಐದು ವರ್ಷಕ್ಕೆ 20,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಕಾರ್ಖಾನೆಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ, ಗಾಳಿಗೆ ಬಿಡದೆ ಬೇರೆ ಕೆಲಸಕ್ಕೆ ಬಳಸುವುದು ಇಲ್ಲವೇ ನೆಲದೊಳಗೆ ಇಡುವುದು ಇದರ ಉದ್ದೇಶ. ಹಣ ಐದು ಉದ್ಯಮಗಳಿಗೆ: ವಿದ್ಯುತ್, ಉಕ್ಕು, ಸಿಮೆಂಟ್, ತೈಲ ಶುದ್ಧೀಕರಣ, ರಾಸಾಯನಿಕ. ಇದರಲ್ಲಿ ಮೊದಲ ಮೂರೂ ನಮ್ಮ ಕಲ್ಯಾಣ ಕರ್ನಾಟಕದಲ್ಲಿ ದೊಡ್ಡದಾಗಿಯೇ ಇವೆ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಹತ್ತಿರದ ಯರಮರಸ್‌ನಲ್ಲಿ 1,600, ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರಗಳಿವೆ. ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದಿದೆ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರದ ಸುತ್ತ ಸಿಮೆಂಟ್ ಕಾರ್ಖಾನೆಗಳ ಸಾಲೇ ಇದೆ.

ನಾನು ಈ ಭಾಗದ ಒಂದು ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ನಿಮ್ಮಲ್ಲಿ ಕೇಳುವುದು ಒಂದೇ. ಈ ಸಂಶೋಧನೆಯಲ್ಲಿ ನಮ್ಮ ಭಾಗದ ವಿಶ್ವವಿದ್ಯಾಲಯಗಳು, ಕಾಲೇಜುಗಳು ಐಐಎಸ್‌ಸಿ ಮತ್ತು ಐಐಟಿಗಳ ಜೊತೆ ಸರಿಸಮಾನವಾಗಿ ಕೂರಬೇಕು. ಎಲ್ಲರೂ ಸೇರಿದ ಒಂದು ಸಂಶೋಧನಾ ಕೂಟ ಕಲಬುರಗಿಯಲ್ಲೇ ಶುರುವಾಗಬೇಕು. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಸಿಮೆಂಟ್ ವಿಷಯ. ಕಾರ್ಬನ್ ಕ್ಯಾಪ್ಚರ್ ನಿಜಕ್ಕೂ ಬೇಕಾಗಿರುವುದು ಅಲ್ಲಿ. ಸುಣ್ಣದ ಕಲ್ಲನ್ನು ಕಾಯಿಸಿದರೆ ಸುಣ್ಣ ಉಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. 100 ಕಿಲೋ ಶುದ್ಧ ಸುಣ್ಣದ ಕಲ್ಲಿನಿಂದ 56 ಕಿಲೋ ಸುಣ್ಣ, 44 ಕಿಲೋ ಅನಿಲ. ಪಿಯುಸಿ ಮಕ್ಕಳೂ ಮಾಡುವ ಲೆಕ್ಕ ಇದು. ಒಂದು ಟನ್ ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟ್ ಆಗುವ, ಗೂಡಿನಲ್ಲಿ ಸುಟ್ಟ ಗಟ್ಟಿ) ತಯಾರಾಗುವಾಗ ಕಲ್ಲಿನಿಂದಲೇ ಅರ್ಧ ಟನ್ನಿಗಿಂತ ಸ್ವಲ್ಪ ಜಾಸ್ತಿ ಅನಿಲ ಬರುತ್ತದೆ. ಗೂಡನ್ನು 1,450 ಡಿಗ್ರಿಯವರೆಗೆ ಕಾಯಿಸಲು ಉರಿಸುವ ಕಲ್ಲಿದ್ದಲು, ಪೆಟ್‌ಕೋಕ್ (ತೈಲ ಶುದ್ಧೀಕರಣದಲ್ಲಿ ಉಳಿಯುವ ಇದ್ದಿಲಿನಂಥ ಉರುವಲು) ಇವುಗಳ ಹೊಗೆ ಅದರ ಮೇಲೆ. ಸಿಮೆಂಟ್ ತಯಾರಿಕೆಯ ಒಟ್ಟು ಇಂಗಾಲದಲ್ಲಿ ಶೇ 60ರಷ್ಟು ಕಲ್ಲಿನದ್ದೇ. ಕಾರ್ಖಾನೆಯ ಕರೆಂಟನ್ನು ಪೂರ್ತಿ ಸೋಲಾರ್ ಮಾಡಿದರೂ, ಉರುವಲನ್ನೇ ಬದಲಿಸಿದರೂ, ಈ ಪಾಲು ಹಾಗೇ ಉಳಿಯುತ್ತದೆ. ಅದನ್ನು ಚಿಮಣಿಯಲ್ಲೇ ಹಿಡಿಯಬೇಕು, ಇಲ್ಲವೇ ಕ್ಲಿಂಕರ್ ಬಳಕೆಯನ್ನೇ ಕಡಿಮೆ ಮಾಡಬೇಕು.

ಕಲ್ಲಿದ್ದಲಿನ ವಿದ್ಯುತ್ತಿನ ಕಥೆ ಬೇರೆ. ಅಲ್ಲಿ ಬದಲಿ ಕಣ್ಣೆದುರಿಗೇ ಇದೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತಿದೆ, ಅದೂ ರೈತರ ಜಮೀನನ್ನು ಖರೀದಿಸದೆ, ಗುತ್ತಿಗೆಗೆ ಪಡೆದು. ಕಲ್ಲಿದ್ದಲು ಸ್ಥಾವರಕ್ಕೆ ಕ್ಯಾಪ್ಚರ್ ಘಟಕ ಜೋಡಿಸಿದರೆ ಆ ಸ್ಥಾವರದ ವಿದ್ಯುತ್ತಿನ ಐದನೇ ಒಂದು ಪಾಲು, ಕೆಲವು ಕಡೆ ಅದಕ್ಕಿಂತಲೂ ಜಾಸ್ತಿ, ಆ ಘಟಕಕ್ಕೇ ಹೋಗುತ್ತದೆ. ಅಮೀನ್ ಎಂಬ ದ್ರಾವಣ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಅದನ್ನು ಬಿಡಿಸಿಕೊಳ್ಳಲು ದ್ರಾವಣವನ್ನು ಸುಮಾರು 120 ಡಿಗ್ರಿಗೆ ಕಾಯಿಸಬೇಕು. ಆ ಶಾಖ ಸುಮ್ನೆ ಬರುವುದಿಲ್ಲ. ಆದ್ದರಿಂದ ಹಳೇ ಕಲ್ಲಿದ್ದಲು ಸ್ಥಾವರಗಳ ಆಯಸ್ಸು ಎಳೆಯಲು ಈ ಹಣ ನೆಪವಾಗಬಾರದು. ಬೇರೆ ದಾರಿ ಇಲ್ಲದ ಸಿಮೆಂಟಿಗೆ ಮೊದಲ ಜಾಗ ಸಿಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಿಮೆಂಟ್ ಕಾರ್ಖಾನೆಯಲ್ಲಿ ಇದು ಆಗುತ್ತದೆ ಎಂಬುದಕ್ಕೆ ಈಗ ಸಾಕ್ಷಿ ಇದೆ. ನಾರ್ವೆಯ ಬ್ರೆವಿಕ್‌ನಲ್ಲಿ 2025ರ ಜೂನ್‌ನಲ್ಲಿ ಉದ್ಘಾಟನೆಯಾದ ಘಟಕ ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವಂತೆ ಕಟ್ಟಿದ್ದು. ಆ ಕಾರ್ಖಾನೆಯ ಅರ್ಧದಷ್ಟು ಇಂಗಾಲ ಅದು. ಹಿಡಿದದ್ದನ್ನು ಹಡಗಿನಲ್ಲಿ ಒಯ್ದು ಉತ್ತರ ಸಮುದ್ರದ ತಳದ ಕೆಳಗೆ ಇಡುತ್ತಾರೆ. ನಮ್ಮ ಸೇಡಂಗೆ ಸಮುದ್ರ ಎಲ್ಲಿದೆ? ನಮಗೆ ಇರುವುದು ಕಪ್ಪು ಕಲ್ಲು. ಈ ಪತ್ರದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದ ವಿಷಯವೂ ಅದೇ.

ಸೇಡಂ, ಚಿತ್ತಾಪುರ, ಶಹಾಬಾದಿನ ಸುಣ್ಣದ ಕಲ್ಲು ಭೀಮಾ ಜಲಾನಯನದ ಹಳೇ ಶಿಲೆ. ಅದರ ಉತ್ತರಕ್ಕೆ ಹೋದಂತೆ ಆ ಶಿಲೆಯ ಮೇಲೆ ಬಸಾಲ್ಟ್ ಹರಡಿಕೊಂಡಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಗಟ್ಟಿಯಾಗಿ ಆದ ಕಲ್ಲು ಅದು. ನಮ್ಮ ತೊಗರಿ ಬೆಳೆಯುವ ಎರೆ ಮಣ್ಣು ಹುಟ್ಟಿದ್ದೂ ಬಹುಪಾಲು ಅದರಿಂದಲೇ. ದಖ್ಖನ್ ಟ್ರ್ಯಾಪ್ ಎಂದು ಕರೆಯುವ ಈ ಹಾಸು ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್ ಸೇರಿ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಕರ್ನಾಟಕದಲ್ಲಿ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಭಾಗಗಳು ಅದರ ಅಂಚು.

ಈ ಕಲ್ಲಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಇವೆ. ಇಂಗಾಲದ ಡೈಆಕ್ಸೈಡ್ ಬೆರೆತ ನೀರು ತಾಗಿದರೆ ಇವು ಕರಗಿ ಬಂದು, ಆ ಅನಿಲದ ಜೊತೆ ಸೇರಿ ಕಾರ್ಬೊನೇಟ್ ಆಗಿ ಕೂರುತ್ತವೆ. ಅಂದರೆ ಅನಿಲ ಮತ್ತೆ ಕಲ್ಲಾಗುತ್ತದೆ. ಸಿಮೆಂಟ್ ಗೂಡಿನಲ್ಲಿ ನಡೆದದ್ದು ಇಲ್ಲಿ ತಿರುಗಾಮುರುಗಾ ನಡೆಯುತ್ತದೆ.

ಇದನ್ನು ನೆಲದೊಳಗೆ ಮಾಡಿ ತೋರಿಸಿದ್ದು ಐಸ್‌ಲ್ಯಾಂಡ್‌ನ ಕಾರ್ಬ್‌ಫಿಕ್ಸ್ ಯೋಜನೆ. ಅದು ಒಂದು ಕಂಪನಿಯ ಅಥವಾ ಒಂದು ಸಂಸ್ಥೆಯ ಕೆಲಸ ಆಗಿರಲಿಲ್ಲ. 2007ರಲ್ಲಿ ರೇಕ್ಯಾವಿಕ್‌ನ ವಿದ್ಯುತ್ ಕಂಪನಿ, ಐಸ್‌ಲ್ಯಾಂಡ್ ವಿಶ್ವವಿದ್ಯಾಲಯ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ, ಫ್ರಾನ್ಸ್‌ನ ರಾಷ್ಟ್ರೀಯ ಸಂಶೋಧನಾ ಕೇಂದ್ರ ಒಟ್ಟಿಗೆ ಸೇರಿ ಶುರು ಮಾಡಿದರು. 2012ರಲ್ಲಿ 175 ಟನ್ ಶುದ್ಧ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ, ಸೋಡಾ ಮಾಡಿದ ಹಾಗೆ, 400ರಿಂದ 800 ಮೀಟರ್ ಆಳದ ಬಸಾಲ್ಟ್‌ಗೆ ಬಿಟ್ಟರು. ಸಾವಿರಾರು ವರ್ಷ ಬೇಕು ಎಂದು ಹಿಂದೆ ತಿಳಿದಿದ್ದರು. ಎರಡು ವರ್ಷದೊಳಗೆ ಶೇ 95ಕ್ಕಿಂತ ಹೆಚ್ಚು ಕಲ್ಲಾಗಿತ್ತು. 2016ರಲ್ಲಿ ಆ ಫಲಿತಾಂಶ ಪ್ರಕಟವಾದಾಗ ಜಗತ್ತಿನ ಗಮನವೆಲ್ಲ ಆ ಪುಟ್ಟ ದೇಶದ ಕಡೆ ಹೋಯಿತು.

ಆ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ತರಬೇತಿ ಕೊಡುವುದನ್ನು ಅವರು ಮೊದಲಿನಿಂದಲೂ ಯೋಜನೆಯ ಗುರಿಗಳಲ್ಲೇ ಸೇರಿಸಿಕೊಂಡಿದ್ದರು. ಕಲ್ಲು ಎಷ್ಟು ಬೇಗ ಕರಗುತ್ತದೆ, ನೀರು ಯಾವ ಕಡೆ ಹರಿಯುತ್ತದೆ, ಯಾವ ಖನಿಜ ಮೊದಲು ಕೂರುತ್ತದೆ ಎಂಬ ಒಂದೊಂದು ಪ್ರಶ್ನೆಗೂ ವರ್ಷಗಟ್ಟಲೆ ಕೂತು ಕೆಲಸ ಮಾಡುವವರು ಬೇಕಿತ್ತು. ಆ ನೆಲದ ವಿಶ್ವವಿದ್ಯಾಲಯ ಯೋಜನೆಯ ನಡುವೆ ಇತ್ತು. ದೂರದವರು ಅಲ್ಲಿಗೆ ಬಂದು ಸೇರಿಕೊಂಡರು.

ಅದೇ ವಿಧಾನವನ್ನು ಎತ್ತಿ ತಂದು ಕಲಬುರಗಿಯಲ್ಲಿ ಇಡಬಹುದು ಎಂದು ನಾನು ಹೇಳುತ್ತಿಲ್ಲ. ಇಲ್ಲಿನ ನೆಲ ಬೇರೆ, ನೀರು ಬೇರೆ, ಭಯಗಳೂ ಬೇರೆ. ಇಲ್ಲಿನವರು ಸಂಶೋಧನೆಯ ಒಳಗಿರಬೇಕು ಅನ್ನುವುದು ಅದಕ್ಕೇ.

ಮೊದಲನೆಯದು ಕಲ್ಲಿನ ದಪ್ಪ. ಮಹಾರಾಷ್ಟ್ರದ ಕೊಯ್ನಾದಲ್ಲಿ ವಿಜ್ಞಾನಿಗಳು ಕೊರೆದಾಗ ಬಸಾಲ್ಟ್ ಒಂದು ಕಿಲೋಮೀಟರ್‌ಗಿಂತ ಹೆಚ್ಚು ದಪ್ಪ ಇರುವುದು ಗೊತ್ತಾಯಿತು. ಅಂಚಿಗೆ ಬಂದ ಹಾಗೆ ಅದು ತೆಳ್ಳಗಾಗುತ್ತದೆ. ಕಲಬುರಗಿ ಅಂಚಿನಲ್ಲಿದೆ. ಇಲ್ಲಿ ಯಾವ ಊರಿನ ಕೆಳಗೆ ಎಷ್ಟು ದಪ್ಪ ಇದೆ, ಪದರಗಳ ನಡುವೆ ಎಷ್ಟು ರಂಧ್ರಗಳಿವೆ, ಮೇಲೆ ಬಿಗಿಯಾದ ಪದರ ಇದೆಯೇ, ಇದನ್ನು ಊರೂರಿನ ಮಟ್ಟದಲ್ಲಿ ನೋಡಬೇಕು. ಐಐಟಿ ಬಾಂಬೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದ ಬಸಾಲ್ಟ್‌ನಲ್ಲಿ 9,700 ಕೋಟಿಯಿಂದ 31,600 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹಿಡಿಸಬಹುದು. ಎರಡು ಅಂಕಿಗಳ ನಡುವೆ ಮೂರು ಪಟ್ಟು ಅಂತರ ಇದೆ ನೋಡಿ. ಆ ಅಂತರವನ್ನು ಕಡಿಮೆ ಮಾಡುವುದು ದೆಹಲಿಯಲ್ಲಿ ಕೂತು ಆಗುವ ಕೆಲಸವಲ್ಲ. ಆಳಂದದಲ್ಲಿ, ಬಸವಕಲ್ಯಾಣದಲ್ಲಿ, ಇಂಡಿಯಲ್ಲಿ ಕೊರೆದು ಕಲ್ಲು ತೆಗೆಯಬೇಕು.

ಎರಡನೆಯದು ನೀರು. ಕಾರ್ಬ್‌ಫಿಕ್ಸ್ ವಿಧಾನದಲ್ಲಿ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸುಮಾರು 25 ಟನ್ ನೀರು ಬೇಕು. ಬ್ರೆವಿಕ್‌ನಷ್ಟೇ, ಅಂದರೆ 4 ಲಕ್ಷ ಟನ್, ನಾವೂ ಹಿಡಿದು ಹೀಗೆ ಇಡುತ್ತೇವೆ ಅಂದುಕೊಳ್ಳಿ. ವರ್ಷಕ್ಕೆ ಒಂದು ಕೋಟಿ ಟನ್ ನೀರು ಬೇಕಾಗುತ್ತದೆ. ಹತ್ತಿರ ಹತ್ತಿರ ಮೂರನೇ ಒಂದು ಟಿಎಂಸಿ ಅಡಿ. ಬೇಸಿಗೆಯಲ್ಲಿ ಕಾಗಿಣಾ ನದಿ ಹೇಗಿರುತ್ತದೆ, ಭೀಮಾ ಹೇಗಿರುತ್ತದೆ ಎಂದು ಗೊತ್ತಿರುವ ಯಾರೂ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಒಪ್ಪಲೂಬಾರದು. ಅದೇ ಬಸಾಲ್ಟ್‌ನ ಮೇಲಿನ ಪದರಗಳಿಂದಲೇ ನಮ್ಮ ಹಳ್ಳಿಗಳ ಬೋರ್‌ವೆಲ್‌ಗಳಿಗೆ ನೀರು ಬರುತ್ತದೆ. ಅದಕ್ಕೆ ಏನೂ ಆಗಬಾರದು, ಅಲ್ವಾ?

ನೀರಿಲ್ಲದೆ ಮಾಡುವ ದಾರಿಯೂ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಲುಲಾ ಎಂಬಲ್ಲಿ 2013ರಲ್ಲಿ ಸುಮಾರು 1,000 ಟನ್ ಇಂಗಾಲದ ಡೈಆಕ್ಸೈಡನ್ನು ನೀರು ಬೆರೆಸದೆ, ಒತ್ತಡದಲ್ಲಿ ದಟ್ಟ ಮಾಡಿ ಬಸಾಲ್ಟ್‌ಗೆ ಬಿಟ್ಟರು. ಎರಡು ವರ್ಷದ ನಂತರ ಕೊರೆದು ತೆಗೆದ ಕಲ್ಲಿನಲ್ಲಿ ಕಾರ್ಬೊನೇಟ್ ಹರಳುಗಳು ಕೂತಿದ್ದವು. ಇನ್ನೊಂದು ಕಡೆ ಕುಡಿಯಲು, ಬೆಳೆಗೆ ಬಾರದ ಆಳದ ಉಪ್ಪು ನೀರನ್ನು ಬಳಸಬಹುದೇ ಎಂದೂ ನೋಡಬೇಕು. ನಮ್ಮ ಕಲ್ಲು ಈ ಎರಡಕ್ಕೂ ಹೇಗೆ ಸ್ಪಂದಿಸುತ್ತದೆ ಎಂಬುದು ಕಲಬುರಗಿಯ ಒಂದು ಲ್ಯಾಬ್‌ನಲ್ಲಿ, ನಮ್ಮದೇ ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗ. ಒತ್ತಡ ತಡೆಯುವ ಪಾತ್ರೆ, ಪುಡಿ ಮಾಡಿದ ಬಸಾಲ್ಟ್, ನೀರು, ಅನಿಲ, ಮತ್ತು ಫಲಿತಾಂಶ ಅಳೆಯುವ ಯಂತ್ರಗಳಿದ್ದರೆ ಶುರು ಮಾಡಬಹುದು.

ಮೂರನೆಯದು ಭೂಕಂಪದ ಭಯ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಬೀದರ್, ಕಲಬುರಗಿಯ ಹಿರಿಯರು ಇವತ್ತಿಗೂ ಮರೆತಿಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ನೆಲ ನಡುಗಿ ಜನ ಮನೆಯಿಂದ ಹೊರಗೆ ಮಲಗಿದ್ದರು. ಐಸ್‌ಲ್ಯಾಂಡ್‌ನಲ್ಲೂ ಕಾರ್ಬ್‌ಫಿಕ್ಸ್ ನಡೆದ ಪ್ರದೇಶದ ಹತ್ತಿರವೇ, ನೆಲದಾಳದ ಬಿಸಿನೀರಿನಿಂದ ನಡೆಯುವ ವಿದ್ಯುತ್ ಸ್ಥಾವರದಲ್ಲಿ ಬಳಸಿದ ನೀರನ್ನು 2011ರಲ್ಲಿ ನೆಲಕ್ಕೆ ಬಿಟ್ಟಾಗ 4ರ ಸುಮಾರಿನ ತೀವ್ರತೆಯ ಕಂಪನಗಳಾಗಿದ್ದವು. ಇಂಥ ಜಾಗದಲ್ಲಿ ನೆಲದೊಳಗೆ ಏನನ್ನಾದರೂ ಬಿಡುವ ಮೊದಲು ಕಂಪನ ಮಾಪಕಗಳನ್ನು ಇಟ್ಟು ವರ್ಷಗಟ್ಟಲೆ ಕೇಳಿಸಿಕೊಳ್ಳಬೇಕು. ಆ ದಾಖಲೆ ಊರಿನವರಿಗೂ ಸಿಗಬೇಕು. ಹೊರಗಿನಿಂದ ಬಂದವರು ಎರಡು ದಿನ ಇದ್ದು "ಏನೂ ಆಗಲ್ಲ" ಎಂದರೆ ಗಡಿಕೇಶ್ವಾರದ ಜನ ನಂಬುತ್ತಾರೆಯೇ? ಅವರ ಊರಿನ ಮಕ್ಕಳೇ ಮಾಪಕ ನೋಡಿಕೊಳ್ಳುವವರಾದರೆ, ಅವರೇ ಬಂದು ಓದಿ ಹೇಳಿದರೆ, ಆಗ ಮಾತಿಗೆ ಬೆಲೆ ಬರುತ್ತದೆ. ಅಧ್ಯಯನ ಮುಗಿದ ಮೇಲೆ "ಇಲ್ಲಿ ಬೇಡ" ಎಂಬ ಉತ್ತರ ಬಂದರೂ ಅದು ಒಳ್ಳೆಯ ಸಂಶೋಧನೆಯೇ. ಬೇಡ ಎಂದು ಹೇಳುವ ಸ್ವಾತಂತ್ರ್ಯ ಸಂಶೋಧಕರಿಗೆ ಇರಬೇಕು.

ನೆಲದ ಮೇಲಿನ ಪ್ರಶ್ನೆಗಳೂ ಕಮ್ಮಿ ಇಲ್ಲ. ಅಮೀನ್ ದ್ರಾವಣ ಇಂಗಾಲವನ್ನು ಚೆನ್ನಾಗಿ ಹೀರುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಬಿಸಿ ಹೊಗೆಯನ್ನು ಅಲ್ಲಿಯವರೆಗೆ ತಣ್ಣಗೆ ಮಾಡಬೇಕು. ನಾರ್ವೆಯಲ್ಲಿ ತಣ್ಣೀರಿಗೆ ಬರವಿಲ್ಲ. ಏಪ್ರಿಲ್, ಮೇನಲ್ಲಿ ಕಲಬುರಗಿಯ ಗಾಳಿಯೇ 42 ಡಿಗ್ರಿ ದಾಟುತ್ತದೆ. ಇಲ್ಲಿ ಆ ತಂಪು ಎಲ್ಲಿಂದ ತರುವುದು, ಅದಕ್ಕೆ ಮತ್ತೆ ಎಷ್ಟು ನೀರು? ನೀರು ಕಡಿಮೆ ಬೇಡುವ, ಒಣ ಪುಡಿಯ ಮೇಲೆ ಅನಿಲ ಹಿಡಿಯುವ ವಿಧಾನ ನಮಗೆ ಮೇಲಾಗಬಹುದೇ? ದ್ರಾವಣ ಕಾಯಿಸಲು ಬೇಕಾದ 120 ಡಿಗ್ರಿಯ ಶಾಖವನ್ನು ನಮ್ಮ ಬಿಸಿಲಿನಿಂದಲೇ ತೆಗೆಯಬಹುದೇ? ನಮ್ಮ ಬಿಸಿಲನ್ನು ಎಲ್ಲರೂ ಬೈಯುತ್ತಾರೆ. ಈ ಒಂದು ಕೆಲಸಕ್ಕೆ ಅದು ವರ್ಷದ ಎಂಟು ತಿಂಗಳು ಆಸ್ತಿಯಾದೀತು. ಸುಸ್ಥಿರ ಇಂಧನದ ವಿಭಾಗ ಒಂದು ಕಡೆ, ಕಾರ್ಬನ್ ಕ್ಯಾಪ್ಚರ್ ವಿಭಾಗ ಇನ್ನೊಂದು ಕಡೆ ಎಂದು ಮಾಡಿದರೆ ಇಂಥ ಪ್ರಶ್ನೆ ಯಾರ ಮೇಜಿಗೂ ಬರುವುದಿಲ್ಲ.

ಕ್ಲಿಂಕರ್ ಬಳಕೆ ಕಡಿಮೆ ಮಾಡುವ ದಾರಿಯೂ ಒಂದು ದೊಡ್ಡ ಸಹಯೋಗದಿಂದಲೇ ಬಂದದ್ದು. ಎಲ್‌ಸಿ3 ಎಂಬ ಸಿಮೆಂಟ್ ಇದೆ. ಅದರಲ್ಲಿ ಕ್ಲಿಂಕರ್ ಅರ್ಧ ಮಾತ್ರ. ಉಳಿದದ್ದು ಸುಟ್ಟ ಜೇಡಿಮಣ್ಣು, ಸುಣ್ಣದ ಕಲ್ಲಿನ ಪುಡಿ, ಸ್ವಲ್ಪ ಜಿಪ್ಸಂ. ಇಂಗಾಲ ಶೇ 30ರಿಂದ 40ರಷ್ಟು ಕಡಿಮೆ. ಸ್ವಿಟ್ಜರ್ಲೆಂಡ್‌ನ ಲೊಸಾನ್ ತಾಂತ್ರಿಕ ವಿಶ್ವವಿದ್ಯಾಲಯ, ಕ್ಯೂಬಾದ ಲಾಸ್ ವಿಲ್ಲಾಸ್ ವಿಶ್ವವಿದ್ಯಾಲಯ, ನಮ್ಮ ದೆಹಲಿ, ಮದ್ರಾಸ್, ಬಾಂಬೆ ಐಐಟಿಗಳು ಸೇರಿ ವರ್ಷಗಟ್ಟಲೆ ಇದರ ಮೇಲೆ ಕೆಲಸ ಮಾಡಿದವು. 2023ರಲ್ಲಿ ಭಾರತೀಯ ಮಾನಕ ಬ್ಯೂರೊ ಇದಕ್ಕೆ ಐಎಸ್ 18189 ಎಂಬ ಮಾನದಂಡವನ್ನೂ ಕೊಟ್ಟಿತು. ಕ್ಯೂಬಾ ಶ್ರೀಮಂತ ದೇಶ ಅಲ್ಲ, ಲಾಸ್ ವಿಲ್ಲಾಸ್ ಇರುವುದು ರಾಜಧಾನಿಯಲ್ಲೂ ಅಲ್ಲ. ಆದರೂ ಆ ವಿಶ್ವವಿದ್ಯಾಲಯ ಮೊದಲಿನಿಂದ ಸಮನಾಗಿ ಕೂತಿತ್ತು.

ಈ ಸಿಮೆಂಟಿಗೆ ಬೇಕಾದ ಸುಣ್ಣದ ಕಲ್ಲು ಕ್ಲಿಂಕರ್‌ಗೆ ಆಗುವಷ್ಟು ಒಳ್ಳೆಯದಿರಬೇಕಿಲ್ಲ. ಶಹಾಬಾದ್ ಸುತ್ತಮುತ್ತ ಕಲ್ಲುಗಣಿಗಳ ಪಕ್ಕದಲ್ಲಿ ಒಡೆದ ಚಪ್ಪಡಿ, ಪಾಲಿಶ್ ಮಾಡಿದ ಕೆಸರು ಗುಡ್ಡೆಗುಡ್ಡೆಯಾಗಿ ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ಅದು ಎಲ್‌ಸಿ3ಗೆ ಹೊಂದುತ್ತದೆಯೇ? ಹತ್ತಿರದಲ್ಲಿ ಎಲ್ಲಿ ಸರಿಯಾದ ಜೇಡಿಮಣ್ಣು ಸಿಗುತ್ತದೆ? ಈ ಕೆಲಸಕ್ಕೆ ಕೋಟ್ಯಂತರ ರೂಪಾಯಿಯ ಯಂತ್ರವೂ ಬೇಡ. 1958ರಿಂದ ಸಿವಿಲ್ ಎಂಜಿನಿಯರ್‌ಗಳನ್ನು ತಯಾರು ಮಾಡುತ್ತಿರುವ ಪಿಡಿಎ ಕಾಲೇಜು ಕಲಬುರಗಿಯಲ್ಲೇ ಇದೆ. ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವಾಗ ಉಳಿಯುವ ಕಿಟ್ಟ, ಅಂದರೆ ಸ್ಲ್ಯಾಗ್‌ನಲ್ಲಿ ಸುಣ್ಣದ ಅಂಶ ಜಾಸ್ತಿ ಇರುವುದರಿಂದ ಅದು ಇಂಗಾಲವನ್ನು ಹೀರಿ ಗಟ್ಟಿಯಾಗುತ್ತದೆ. ಅದರಿಂದ ಕಟ್ಟಡದ ಬ್ಲಾಕ್ ಮಾಡುವ ಪ್ರಯೋಗಕ್ಕೆ ಬಳ್ಳಾರಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಸಂಡೂರಿನ ನಂದಿಹಳ್ಳಿಯಲ್ಲಿ ಖನಿಜ ಸಂಸ್ಕರಣೆಯನ್ನೇ ಕಲಿಸುವ ಸ್ನಾತಕೋತ್ತರ ಕೇಂದ್ರ ಇದೆ. ತೊಗರಿ ಕಟ್ಟಿಗೆಯನ್ನು ಗಾಳಿ ಇಲ್ಲದೆ ಸುಟ್ಟು ಇದ್ದಿಲು ಮಾಡಿ ಎರೆ ಮಣ್ಣಿಗೆ ಸೇರಿಸಿದರೆ ಇಂಗಾಲ ಮಣ್ಣಲ್ಲಿ ಎಷ್ಟು ಕಾಲ ಉಳಿಯುತ್ತದೆ, ಬೆಳೆಗೆ ಏನಾಗುತ್ತದೆ ಎಂದು ಅಳೆಯಲು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗ ಇದೆ, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಇದೆ.

ಇಷ್ಟೆಲ್ಲ ಇದ್ದೂ ನಾವು ಎಲ್ಲಿದ್ದೇವೆ? 2022ರಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕಾರ್ಬನ್ ಕ್ಯಾಪ್ಚರ್‌ಗೆ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಕೊಟ್ಟಿತು. ಒಂದು ಐಐಟಿ ಬಾಂಬೆಗೆ, ಇನ್ನೊಂದು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ. ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಮಾಡುವ ಕೆಲಸದಲ್ಲಿ ಬೆಂಗಳೂರಿನ ಆ ಕೇಂದ್ರ ಹೆಸರು ಮಾಡಿದೆ, ಅದು ನಮ್ಮ ರಾಜ್ಯಕ್ಕೆ ಹೆಮ್ಮೆ. 2025ರ ಮೇನಲ್ಲಿ ಸಿಮೆಂಟ್ ಉದ್ಯಮಕ್ಕೆಂದೇ ಐದು ಪ್ರಯೋಗ ಘಟಕಗಳನ್ನು ಘೋಷಿಸಿದರು. ಕಾನ್ಪುರ, ಬಾಂಬೆ, ತಿರುಪತಿ, ಮದ್ರಾಸ್ ಐಐಟಿಗಳು, ನಮ್ಮ ಐಐಎಸ್‌ಸಿ, ಗೋವಾದ ಬಿಟ್ಸ್ ಅದರಲ್ಲಿವೆ. ಸಿಮೆಂಟಿನ ಈ ಜಿಲ್ಲೆಯ ಒಂದೇ ಒಂದು ವಿಶ್ವವಿದ್ಯಾಲಯದ ಹೆಸರು ಇಲ್ಲ. ಆ ಸಂಸ್ಥೆಗಳ ಮೇಲೆ ನನಗೆ ಯಾವ ದೂರೂ ಇಲ್ಲ. ಅವರ ಕೆಲಸದ ಬಗ್ಗೆ ಗೌರವ ಇದೆ, ಅವರು ನಮಗೆ ಬೇಕು. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ನಮ್ಮ ಪರವಾಗಿ ಕೇಳಬೇಕಾದವರು ನೀವು.

ಬೆಂಗಳೂರಿನ ದೊಡ್ಡ ಸಂಸ್ಥೆ ಹಳ್ಳಿಗೆ ಇಳಿದು ಕೆಲಸ ಮಾಡಿದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1974ರಲ್ಲಿ ಐಐಎಸ್‌ಸಿಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು ಕಟ್ಟಿದ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರಾದಲ್ಲಿ ಕೇಂದ್ರ ತೆರೆಯಿತು. ಸೌದೆ ಉಳಿಸುವ ಅಸ್ತ್ರ ಒಲೆ ಆ ತಂಡದ್ದು. ಅಲ್ಲೇ ಹತ್ತಿರದ ಪುರ ಗ್ರಾಮದಲ್ಲಿ ಊರಿನ ಸಗಣಿಯಿಂದ ಗ್ಯಾಸ್ ತೆಗೆದು, ಅದರಿಂದ ಕರೆಂಟ್ ಮಾಡಿ, 1987ರಿಂದ ಊರಿಗೆ ಬೆಳಕು, ಕುಡಿಯುವ ನೀರು ಕೊಟ್ಟರು. ಸಗಣಿ ಕೊಟ್ಟ ಮನೆಗಳಿಗೆ ಗೊಬ್ಬರ ವಾಪಸ್ ಸಿಗುತ್ತಿತ್ತು. ಮನೆಮನೆಯಲ್ಲಿ ಎಷ್ಟು ಸೌದೆ ಖರ್ಚಾಗುತ್ತದೆ, ಹೆಂಗಸರು ಎಷ್ಟು ಹೊತ್ತು ಸೌದೆ ತರಲು ಹೋಗುತ್ತಾರೆ ಎಂದು ಮೊದಲು ಕೂತು ಲೆಕ್ಕ ಹಾಕಿದ ಮೇಲೆಯೇ ಅವರು ಯಂತ್ರ ಮಾಡಲು ಹೋದದ್ದು. ಇಂಗಾಲದ ಸಂಶೋಧನೆಗೂ ಆ ಕ್ರಮವೇ ಸರಿ. ಕಾರ್ಖಾನೆಯ ದೂಳು ಬೀಳುವ ಹೊಲದವರನ್ನು, ಬೋರ್‌ವೆಲ್ ನಂಬಿದವರನ್ನು ಮೊದಲು ಕೇಳಬೇಕು.

ನಮ್ಮ ಹುಡುಗ ಹುಡುಗಿಯರ ಬಗ್ಗೆ ಒಂದು ಮಾತು. ಎಂಎಸ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇವತ್ತು ಸಿಮೆಂಟ್ ಕಾರ್ಖಾನೆಗಳ ಲ್ಯಾಬ್‌ಗಳಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದಾರೆ. ಸಂಶೋಧನೆ ಮಾಡುವ ಆಸೆ ಇತ್ತು. ಫೆಲೋಶಿಪ್ ಸಿಗಲಿಲ್ಲ, ಮಾರ್ಗದರ್ಶಕರ ಹುದ್ದೆಗಳು ಖಾಲಿ ಇದ್ದವು, ಮನೆಗೆ ಸಂಬಳ ಬೇಕಿತ್ತು. ಆದರೆ ಅವರಿಗೆ ಗೂಡಿನ ಒಳಗಿನದ್ದೆಲ್ಲ ಗೊತ್ತು. ಗಂಟೆ ಗಂಟೆಗೆ ಕ್ಲಿಂಕರ್ ಪರೀಕ್ಷೆ ಮಾಡುವವರು ಅವರೇ. ಯಾವ ಹೊತ್ತಿನಲ್ಲಿ ಹೊಗೆ ಹೇಗಿರುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಅವರಿಗೆ ಕೆಲಸ ಬಿಡದೆ ಪಿಎಚ್‌ಡಿ ಮಾಡುವ ಅವಕಾಶ ಕೊಟ್ಟರೆ, ಕಾರ್ಖಾನೆಗಳೂ ಒಪ್ಪಿದರೆ, ದೇಶದ ಯಾವ ಐಐಟಿಗೂ ಸಿಗದ ಸಂಶೋಧಕರು ನಮಗೆ ಸಿಗುತ್ತಾರೆ. ಈಗಿನ ಸಹಯೋಗಗಳಲ್ಲಿ ನಮ್ಮ ಕಡೆಯವರ ಪಾಲು ಹೆಚ್ಚಾಗಿ ಸ್ಯಾಂಪಲ್ ಕಳಿಸುವುದಕ್ಕೇ ಮುಗಿಯುತ್ತದೆ. ಕಲ್ಲು ಇಲ್ಲಿಂದ ಹೋಗುತ್ತದೆ, ಫಲಿತಾಂಶ ಮತ್ತೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕಾಲೇಜಿಗೂ ಈ ಅನುಭವ ಆಗಿದೆ.

ಹಣದ ಪ್ರಶ್ನೆಗೆ ಬರುತ್ತೇನೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ರಾಜ್ಯ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಅದರ ಶೇ 0.5ರಷ್ಟು ಅಂದರೆ 25 ಕೋಟಿ. ಐದು ವರ್ಷ ಅಷ್ಟನ್ನು ಈ ಕೂಟಕ್ಕೆ ಮೀಸಲಿಡಿ. ಆ ಹಣ ಇದ್ದರೆ ಕೇಂದ್ರದ 20,000 ಕೋಟಿಯ ಬಾಗಿಲಿಗೆ ನಾವು ನಮ್ಮ ಪಾಲು ಕೈಯಲ್ಲಿ ಹಿಡಿದೇ ಹೋಗಬಹುದು. ಕಟ್ಟಡಕ್ಕೆ ಖರ್ಚು ಮಾಡಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ಇರುವ ಲ್ಯಾಬ್‌ಗಳಲ್ಲೇ ಜಾಗ ಇದೆ. ಎಲ್ಲ ವಿಶ್ವವಿದ್ಯಾಲಯಗಳಿಗೂ ಸೇರಿದ ಒಂದೇ ಉಪಕರಣ ಕೇಂದ್ರ ಮಾಡಿ, ಅದನ್ನು ನಡೆಸಲು ಗೊತ್ತಿರುವ ತಂತ್ರಜ್ಞರನ್ನು ಕಾಯಂ ಆಗಿ ನೇಮಿಸಿ. ಕೆಟ್ಟು ನಿಂತ ದುಬಾರಿ ಯಂತ್ರಗಳನ್ನು ನಾವೆಲ್ಲ ಸಾಕಷ್ಟು ನೋಡಿದ್ದೇವೆ. ಬಾಕಿ ಹಣ ಫೆಲೋಶಿಪ್‌ಗೆ, ಕೊರೆಯುವ ಕೆಲಸಕ್ಕೆ, ಕಂಪನ ಮಾಪಕಗಳಿಗೆ, ನೀರಿನ ಪರೀಕ್ಷೆಗೆ ಹೋಗಲಿ. ಪ್ರತಿ ವಿದ್ಯಾರ್ಥಿಗೂ ಇಬ್ಬರು ಮಾರ್ಗದರ್ಶಕರಿರಲಿ, ಒಬ್ಬರು ಇಲ್ಲಿಯವರು, ಇನ್ನೊಬ್ಬರು ಐಐಎಸ್‌ಸಿ, ಐಐಟಿ ಧಾರವಾಡ ಅಥವಾ ಜವಾಹರಲಾಲ್ ಕೇಂದ್ರದವರು. ಖಾಲಿ ಇರುವ ವಿಜ್ಞಾನ ಅಧ್ಯಾಪಕರ ಹುದ್ದೆಗಳನ್ನು ತುಂಬದೆ ಇದು ನಡೆಯುವುದಿಲ್ಲ. ಅತಿಥಿ ಉಪನ್ಯಾಸಕರನ್ನು ವರ್ಷ ವರ್ಷ ಬದಲಿಸುತ್ತ ಐದು ವರ್ಷದ ಸಂಶೋಧನೆ ಮಾಡಲಾಗದು.

ಕಾರ್ಖಾನೆಗಳಿಂದ ಒಂದು ಬದ್ಧತೆ ಬೇಕು, ಅದನ್ನು ಕೇಳುವ ಅಧಿಕಾರ ಸರ್ಕಾರಕ್ಕೆ ಇದೆ. ಚಿಮಣಿಯಿಂದ ದಿನಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೋಗುತ್ತದೆ ಎಂಬ ಅಳತೆ ಕೂಟದ ಸಂಶೋಧಕರಿಗೆ ಸಿಗಬೇಕು. ಸಾರ್ವಜನಿಕ ಹಣದಿಂದ ಸಿಕ್ಕ ಫಲಿತಾಂಶ ಸಾರ್ವಜನಿಕವಾಗಿರಬೇಕು, ಅದರ ಸಾರಾಂಶ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ತಲುಪಬೇಕು. ಪೇಟೆಂಟ್ ಬಂದರೆ ಇಲ್ಲಿನ ವಿಶ್ವವಿದ್ಯಾಲಯದ ಹೆಸರು, ಪಾಲು ಅದರಲ್ಲಿರಬೇಕು. ಗ್ರಾಮಸಭೆ ಒಪ್ಪದ ಜಾಗದಲ್ಲಿ ಕೊರೆಯಬಾರದು. ಇವನ್ನೆಲ್ಲ ಒಡಂಬಡಿಕೆಗೆ ಸಹಿ ಹಾಕುವ ಮೊದಲೇ ಬರೆದಿಡಬೇಕು.

ಕುಲಪತಿಗಳಲ್ಲಿ ಬೇರೆಯಾಗಿ ಒಂದು ವಿನಂತಿ. ನಮ್ಮ ಪಕ್ಕದ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಏನಿದೆ ಎಂದು ನಮಗೇ ಗೊತ್ತಿಲ್ಲ. ನಿಮ್ಮಲ್ಲಿ ಕೆಲಸ ಮಾಡುವ ಸ್ಥಿತಿಯಲ್ಲಿರುವ ಉಪಕರಣಗಳ ಪಟ್ಟಿಯನ್ನು, ಈ ವಿಷಯದಲ್ಲಿ ಆಸಕ್ತಿ ಇರುವ ಅಧ್ಯಾಪಕರ ಹೆಸರುಗಳನ್ನು ಒಬ್ಬರಿಗೊಬ್ಬರು ಕೊಡಿ. ಇದಕ್ಕೆ ಹಣ ಬೇಡ, ಸರ್ಕಾರದ ಆದೇಶಕ್ಕೂ ಕಾಯಬೇಕಿಲ್ಲ.

ಸಚಿವರೇ, ಬರುವ ಶೈಕ್ಷಣಿಕ ವರ್ಷ ಶುರುವಾಗುವ ಮೊದಲು ಕಲಬುರಗಿಯಲ್ಲಿ ಒಂದು ಸಭೆ ಕರೆಯಿರಿ. ಮಂಡಳಿ, ಕುಲಪತಿಗಳು, ಐಐಎಸ್‌ಸಿ ಮತ್ತು ಜವಾಹರಲಾಲ್ ಕೇಂದ್ರದ ವಿಜ್ಞಾನಿಗಳು, ಕಾರ್ಖಾನೆಗಳವರು, ಸೇಡಂ ಮತ್ತು ಚಿಂಚೋಳಿಯ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು ಅಲ್ಲಿರಲಿ. ಕಾಲೇಜುಗಳ ಅಧ್ಯಾಪಕರಿಗೂ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟರೆ ಸಾಕು, ನಾವು ನಮ್ಮ ಪ್ರಶ್ನೆಗಳನ್ನು ಬರೆದುಕೊಂಡು ಬರುತ್ತೇವೆ.

ಇಂತಿ ನಮಸ್ಕಾರಗಳೊಂದಿಗೆ,
ಕಲಬುರಗಿ ಜಿಲ್ಲೆಯ ಒಬ್ಬ ಕೆಮಿಸ್ಟ್ರಿ ಉಪನ್ಯಾಸಕಿ